ಗುರಿ ಬರೆದಿಟ್ಟ ಆ ಶೇ 3 ಮಂದಿ ಯಾರು?

ತಪ್ಪು ಕಲ್ಪನೆ: ಪ್ಲ್ಯಾನರ್‌ನಲ್ಲಿ ಗುರಿ ಬರೆದಿಟ್ಟರೆ ಅರ್ಧ ಕೆಲಸ ಮುಗಿದ ಹಾಗೆ. ಯೇಲ್ ವಿಶ್ವವಿದ್ಯಾಲಯದ ಅಧ್ಯಯನವೇ ಇದನ್ನು ಸಾಬೀತು ಮಾಡಿದೆ.

ಸತ್ಯ: ಅಂಥ ಅಧ್ಯಯನ ನಡೆದೇ ಇಲ್ಲ.

ವ್ಯಕ್ತಿತ್ವ ವಿಕಸನ ಶಿಬಿರಗಳಲ್ಲಿ ಈ ಕಥೆ ಬಹಳ ಕಾಲದಿಂದ ಓಡಾಡುತ್ತಿದೆ. 1953ರಲ್ಲಿ ಯೇಲ್‌ನಿಂದ ಪದವಿ ಪಡೆದವರಲ್ಲಿ ಶೇ 3ರಷ್ಟು ಮಂದಿ ಮಾತ್ರ ತಮ್ಮ ಗುರಿಗಳನ್ನು ಬರೆದಿಟ್ಟುಕೊಂಡಿದ್ದರಂತೆ. 20 ವರ್ಷ ಬಿಟ್ಟು ನೋಡಿದರೆ, ಉಳಿದ ಶೇ 97ರಷ್ಟು ಮಂದಿಯ ಆಸ್ತಿಯೆಲ್ಲ ಕೂಡಿದರೂ ಈ ಕೆಲವರ ಆಸ್ತಿಗೆ ಸಮನಾಗಲಿಲ್ಲವಂತೆ. ಕಾದಂಬರಿ ಬರೆಯಬೇಕೆಂದು ಹಂಬಲಿಸುವವರಿಗೂ, ಪಿಎಚ್.ಡಿ. ಪ್ರಬಂಧ ಮುಗಿಯದೆ ಒದ್ದಾಡುವವರಿಗೂ ಇದನ್ನೇ ಹೇಳಿ, ಹೊಸ ವರ್ಷಕ್ಕೊಂದು ಪ್ಲ್ಯಾನರ್ ಕೊಳ್ಳಲು ಹುರಿದುಂಬಿಸುತ್ತಾರೆ.

1996ರಲ್ಲಿ ಅಮೆರಿಕದ ‘ಫಾಸ್ಟ್ ಕಂಪನಿ’ ಪತ್ರಿಕೆ ಇದರ ಮೂಲ ಹುಡುಕಲು ಹೊರಟಿತು. ಈ ಕಥೆ ಹೇಳುತ್ತಿದ್ದ ಹೆಸರಾಂತ ಭಾಷಣಕಾರರನ್ನು ವಿಚಾರಿಸಿದರೆ, ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸಿದರು. ಅಧ್ಯಯನ ಮಾತ್ರ ಸಿಗಲಿಲ್ಲ. ಅಂಥದ್ದು ನಡೆದೇ ಇಲ್ಲ ಎಂದು ಯೇಲ್ ಗ್ರಂಥಾಲಯವೇ ಸ್ಪಷ್ಟಪಡಿಸಿದೆ. ಇಷ್ಟಾದರೂ ಕಥೆ ಸತ್ತಿಲ್ಲ. ಅದೇ ಶೇ 3 ಈಗ 1979ರ ಹಾರ್ವರ್ಡ್ ಎಂಬ ಹೊಸ ವಿಳಾಸ ಹೊತ್ತು ತಿರುಗುತ್ತಿದೆ.

ಕಥೆ ಸುಳ್ಳಾದರೇನು, ಪಾಠ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಪಾಠವೂ ಅರೆಬರೆ ಎಂಬುದೇ ನನ್ನ ತಕರಾರು. ‘ಈ ವರ್ಷ ಕಾದಂಬರಿ ಮುಗಿಸುತ್ತೇನೆ’ ಎಂದು ಜನವರಿ 1ರ ಪುಟದಲ್ಲಿ ದುಂಡಗೆ ಬರೆದವರು ಫೆಬ್ರುವರಿಯ ಖಾಲಿ ಪುಟಗಳನ್ನು ನೋಡಿ ತಮ್ಮಲ್ಲೇ ಏನೋ ಕೊರತೆ ಎಂದು ಕೊರಗುತ್ತಾರೆ. ಕೊರತೆ ಇರುವುದು ಆ ವಾಕ್ಯದಲ್ಲಿ. ಯಾವಾಗ, ಎಲ್ಲಿ, ಎಷ್ಟು ಎಂಬ ಮಾತೇ ಅದರಲ್ಲಿಲ್ಲ.

ನಿಜವಾಗಿ ನಡೆದ ಪ್ರಯೋಗವೊಂದನ್ನು ನೋಡಿ. ಮನೋವಿಜ್ಞಾನಿಗಳಾದ ಪೀಟರ್ ಗೋಲ್‌ವಿಟ್ಸರ್ ಮತ್ತು ವೆರೋನಿಕಾ ಬ್ರಾಂಡ್‌ಸ್ಟೆಟರ್ ಅದನ್ನು 1997ರಲ್ಲಿ ಪ್ರಕಟಿಸಿದರು. ಕ್ರಿಸ್‌ಮಸ್ ಮುನ್ನಾದಿನವನ್ನು ಹೇಗೆ ಕಳೆದೆವು ಎಂದು ವಿದ್ಯಾರ್ಥಿಗಳು 48 ಗಂಟೆಯೊಳಗೆ ಬರೆದು ಕಳಿಸಬೇಕಿತ್ತು. ಯಾವ ಹೊತ್ತಿಗೆ, ಎಲ್ಲಿ ಕೂತು ಬರೆಯುತ್ತೇವೆ ಎಂದು ಮೊದಲೇ ಗೊತ್ತುಮಾಡಿಕೊಂಡವರಲ್ಲಿ ಸುಮಾರು ಮುಕ್ಕಾಲು ಪಾಲು ಮಂದಿ ಹೇಳಿದ ಸಮಯಕ್ಕೆ ಬರೆದು ಮುಗಿಸಿದರು. ಉಳಿದವರಲ್ಲಿ ಹಾಗೆ ಮುಗಿಸಿದವರು ಮೂರನೇ ಒಂದು ಪಾಲು ಮಾತ್ರ. ಗುರಿ ಎಲ್ಲರಿಗೂ ಒಂದೇ ಆಗಿತ್ತು. ಹೊತ್ತು ಮತ್ತು ಜಾಗ ಗೊತ್ತಾಗಿದ್ದದ್ದು ಕೆಲವರಿಗಷ್ಟೆ.

ಇಂಗ್ಲಿಷ್ ಕಾದಂಬರಿಕಾರ ಆಂಥನಿ ಟ್ರಾಲಪ್ ಅಂಚೆ ಇಲಾಖೆಯ ನೌಕರಿ ಮಾಡುತ್ತಲೇ ಬೆಳಗ್ಗೆ 5.30ಕ್ಕೆ ಮೇಜಿನ ಮುಂದೆ ಕೂರುತ್ತಿದ್ದರು. ಪುಸ್ತಕ ಶುರುಮಾಡುವಾಗ ದಿನಚರಿಯನ್ನು ವಾರಗಳಾಗಿ ವಿಂಗಡಿಸಿ, ಬರೆದ ಪುಟಗಳ ಲೆಕ್ಕವನ್ನು ದಿನವೂ ಅದರಲ್ಲಿ ಗುರುತು ಹಾಕುತ್ತಿದ್ದರು. ಪುಟಕ್ಕೆ 250 ಪದ, ವಾರಕ್ಕೆ ಸರಾಸರಿ 40 ಪುಟ. 47 ಕಾದಂಬರಿಗಳು ಹಾಗೆ ಬಂದವು. ಅವರ ದಿನಚರಿಯಲ್ಲಿ ಇದ್ದದ್ದು ಆದ ಕೆಲಸದ ಲೆಕ್ಕ. ಪ್ಲ್ಯಾನರ್‌ನಿಂದ ಬರಹಗಾರರಿಗೆ ಆಗುವ ದೊಡ್ಡ ಉಪಕಾರವೂ ಇದೇ.

ಇನ್ನುಳಿದ ನಂಬಿಕೆಗಳು:

‘21 ದಿನ ಬರೆದರೆ ಅಭ್ಯಾಸವಾಗುತ್ತದೆ.’ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಸ್ 1960ರ ತಮ್ಮ ಪುಸ್ತಕದಲ್ಲಿ, ರೋಗಿಗಳು ಹೊಸ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ ಅಷ್ಟು ದಿನ ಬೇಕೆಂದಿದ್ದರು; ಆ ಮಾತೇ ಹೀಗೆ ತಿರುಚಿಕೊಂಡಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಅಧ್ಯಯನದಲ್ಲಿ ಅಭ್ಯಾಸ ಬೇರೂರಲು ಹಿಡಿದದ್ದು 18ರಿಂದ 254 ದಿನ.

‘ಒಂದು ದಿನ ತಪ್ಪಿದರೆ ಎಲ್ಲ ಕೆಟ್ಟಿತು.’ ಒಂದು ದಿನ ಬಿಟ್ಟುಹೋದರೆ ಹೇಳಿಕೊಳ್ಳುವಂಥ ನಷ್ಟವಿಲ್ಲ ಎಂದು ಅದೇ ಅಧ್ಯಯನ ಕಂಡುಕೊಂಡಿತು.

‘ಗಡುವು ಬರೆದರೆ ಗಡುವಿಗೆ ಮುಗಿಯುತ್ತದೆ.’ 1994ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ವಿದ್ಯಾರ್ಥಿಗಳು ಪ್ರಬಂಧಕ್ಕೆ ಸರಾಸರಿ 34 ದಿನ ಸಾಕೆಂದು ಅಂದಾಜಿಸಿದರು, ಹಿಡಿದದ್ದು 55 ದಿನ. ನಿಮ್ಮ ಅಂದಾಜಿನ ಮೇಲೆ ಧಾರಾಳವಾಗಿ ಸೇರಿಸಿಕೊಳ್ಳಿ.

‘ದುಬಾರಿ ಪ್ಲ್ಯಾನರ್ ಶಿಸ್ತು ತರುತ್ತದೆ.’ ಗೆರೆ ಹಾಕಿದ ನೋಟ್‌ಬುಕ್ ಸಾಕು.

ನನ್ನನ್ನು ನಿಜವಾಗಿ ಕಾಡುವುದು ನಮ್ಮ ನಂಬುವ ರೀತಿ. ತೆಂಗಿನಕಾಯಿಯನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಕೊಳ್ಳುವ ನಾವು, ವಿದೇಶಿ ವಿಶ್ವವಿದ್ಯಾಲಯದ ಹೆಸರೂ ಒಂದು ಶೇಕಡಾವಾರು ಲೆಕ್ಕವೂ ಕಿವಿಗೆ ಬಿದ್ದರೆ ಪ್ರಶ್ನೆಯನ್ನೇ ಕೇಳದೆ ಚಪ್ಪಾಳೆ ತಟ್ಟುತ್ತೇವೆ. ಯೇಲ್ ಕಥೆಯಂಥ ಸುಳ್ಳನ್ನು ಕಾಲೇಜು ಮಕ್ಕಳ ಮುಂದೆ ವಿಜ್ಞಾನವೆಂದು ಇಡುವುದು ಅನ್ಯಾಯ. ಅಧ್ಯಯನದ ಹೆಸರೆತ್ತಿದವರನ್ನು ಯಾರು ನಡೆಸಿದ್ದು, ಯಾವಾಗ, ಎಲ್ಲಿ ಅಚ್ಚಾಗಿದೆ ಎಂದು ಕೇಳಿ. ಕೇಳಿದರೆ ಮರ್ಯಾದೆ ಹೋಗುತ್ತದೆ ಎಂಬ ಸಂಕೋಚವನ್ನು ಮೊದಲು ಬಿಡೋಣ.