ಸಂವತ್ಸರಕ್ಕೊಂದು ಮಾತು

ಹೊಸ ವರ್ಷ ಬಂದಾಗ ಸಂಕಲ್ಪಗಳ ದೊಡ್ಡದೊಂದು ಪಟ್ಟಿಯನ್ನು ಮಾಡಿ, ತಿಂಗಳು ತುಂಬುವುದರೊಳಗೆ ಅದನ್ನು ಮರೆತುಬಿಡುವುದು ನಮ್ಮಲ್ಲಿ ಬಹುಮಂದಿಯ ಅಭ್ಯಾಸ. ಪಟ್ಟಿಯ ಗೊಡವೆ ಬೇಡ, ಒಂದೇ ಒಂದು ಮಾತನ್ನು ಆರಿಸಿಕೊಂಡರೆ ಸಾಕು, ವರ್ಷವೆಲ್ಲ ಅದೇ ನಮ್ಮನ್ನು ನಡೆಸಲಿ ಎನ್ನುವವರೂ ಉಂಟು. ನಮ್ಮ ಮನೆಯಲ್ಲಿ ಈ ಪದ್ಧತಿ ತಂದೆಯವರ ಕಾಲದಿಂದಲೂ ಇದೆ. ಯುಗಾದಿಯ ದಿನ ಎಣ್ಣೆನೀರು ಹಾಕಿಕೊಂಡು, ಬೇವುಬೆಲ್ಲ ತಿಂದು, ಪಂಚಾಂಗಶ್ರವಣ ಮುಗಿದ ಮೇಲೆ ಅವರು ಪಂಚಾಂಗದ ಹೊದಿಕೆಯ ಒಳಬದಿಯಲ್ಲಿ ಪೆನ್ಸಿಲಿನಿಂದ ಒಂದು ಪದವನ್ನು ಬರೆದಿಡುತ್ತಿದ್ದರು. ಅದನ್ನು ಯಾರಿಗೂ ಓದಿಹೇಳುತ್ತಿರಲಿಲ್ಲ. ಕೇಳಿದರೆ, “ಅದು ನನಗೂ ವರ್ಷಕ್ಕೂ ಆದ ಕರಾರು” ಎಂದು ನಕ್ಕು ಸುಮ್ಮನಾಗುವರು.

ವರ್ಷಕ್ಕೆ ಹೆಸರಿಡುವ ಕೆಲಸವನ್ನು ನಮ್ಮ ಹಿರಿಯರು ಎಂದೋ ಮಾಡಿ ಮುಗಿಸಿದ್ದಾರೆ. ಪ್ರಭವದಿಂದ ಮೊದಲಾಗಿ ಅರವತ್ತು ಹೆಸರುಗಳು. ಅರವತ್ತು ವರ್ಷಕ್ಕೊಮ್ಮೆ ಅವೇ ಮರಳಿ ಬರುತ್ತವೆ. ವಿಶೇಷವೆಂದರೆ, ಅವರು ಎಲ್ಲ ವರ್ಷಗಳಿಗೂ ಮಂಗಳಕರವಾದ ಹೆಸರುಗಳನ್ನೇ ಇಡಲಿಲ್ಲ. ಶುಭಕೃತು, ಶೋಭಕೃತುಗಳ ಬೆನ್ನಿಗೇ ಕ್ರೋಧಿ ಇದ್ದಾನೆ. 2024ರ ಯುಗಾದಿಗೆ ಬಂದವನು ಅವನೇ. 2025ರ ವಿಶ್ವಾವಸು ಕಳೆದರೆ 2026ರ ಯುಗಾದಿಗೆ ಪರಾಭವ. ಸೋಲೆಂಬ ಅರ್ಥದ ಹೆಸರನ್ನು ಹೊತ್ತ ವರ್ಷವನ್ನೂ ತೋರಣ ಕಟ್ಟಿಯೇ ಬರಮಾಡಿಕೊಳ್ಳಬೇಕು. ವರ್ಷದ ಹೆಸರು ನಮ್ಮ ಆಯ್ಕೆಯಲ್ಲ. ಅದರಲ್ಲಿ ನಡೆಯುವ ರೀತಿಗೆ ಒಂದು ಮಾತನ್ನು ಆರಿಸಿಕೊಳ್ಳುವುದಷ್ಟೇ ನಮ್ಮ ಪಾಲಿಗೆ ಬಂದದ್ದು. ಅದೂ ಎಷ್ಟು ಕಷ್ಟದ್ದೆಂಬುದನ್ನು ನಾನು ತಿಳಿದದ್ದು ತಡವಾಗಿ.

1984ರಲ್ಲಿ ರಕ್ತಾಕ್ಷಿ ಸಂವತ್ಸರ. ನಾನಾಗ ಒಂದು ಸಣ್ಣ ಊರಿನ ಪ್ರೌಢಶಾಲೆಯಲ್ಲಿ ಚರಿತ್ರೆಯ ಉಪಾಧ್ಯಾಯ. ತಂದೆಯವರು ಹಿಂದಿನ ವರ್ಷ ತೀರಿಕೊಂಡಿದ್ದರು. ಪಂಚಾಂಗದಲ್ಲಿ ಬರೆಯುವ ಸರದಿ ನನ್ನದಾಯಿತು. ಯೌವನದ ಹುರುಪಿನಲ್ಲಿ ಎಲ್ಲಕ್ಕಿಂತ ದೊಡ್ಡ ಪದವನ್ನೇ ಬರೆದೆ: ಸತ್ಯ. ತಂದೆಯವರಂತೆ ಅದನ್ನು ಗುಟ್ಟಾಗಿಡಲಿಲ್ಲ, ಕಂಡವರಿಗೆಲ್ಲ ಹೇಳಿದೆ. ಈ ವರ್ಷ ನನ್ನ ಬಾಯಿಂದ ದಾಕ್ಷಿಣ್ಯದ ಮಾತು ಬರುವುದಿಲ್ಲವೆಂದು ಹೆಮ್ಮೆಪಟ್ಟೆ.

ಅದೇ ಶಾಲೆಯಲ್ಲಿ ಕನ್ನಡ ಪಂಡಿತರೊಬ್ಬರಿದ್ದರು. ನನಗಿಂತ ಇಪ್ಪತ್ತು ವರ್ಷ ಹಿರಿಯರು. ಒಂದು ಸಂಜೆ ಅವರು ನೂಲಿನಿಂದ ಹೊಲಿದ ನೋಟುಪುಸ್ತಕವೊಂದನ್ನು ನನ್ನ ಕೈಗಿಟ್ಟು, “ಮೇಷ್ಟ್ರೆ, ಬಿಡುವಾದಾಗ ನೋಡಿ ಹೇಳಿ” ಎಂದರು. ಅವರ ಮೂವತ್ತು ವರ್ಷಗಳ ಕವಿತೆಗಳು. ಮರುದಿನ ಉಪಾಧ್ಯಾಯರ ಕೊಠಡಿಯಲ್ಲಿ, ನಾಲ್ಕು ಜನರ ಎದುರಿಗೆ, “ಸತ್ಯ ಹೇಳುವುದಾದರೆ” ಎಂದು ಮೊದಲುಮಾಡಿ, ಇವುಗಳಲ್ಲಿ ಛಂದಸ್ಸುಂಟು, ಕವಿತೆಯಿಲ್ಲ ಎಂದುಬಿಟ್ಟೆ. ಅವರು ಪುಸ್ತಕವನ್ನು ತಿರುಗಿ ತೆಗೆದುಕೊಂಡು, ಅದರ ನೂಲಿನ ಗಂಟನ್ನು ಸರಿಮಾಡಿ, ಚೀಲದೊಳಗಿಟ್ಟುಕೊಂಡು ತರಗತಿಗೆ ನಡೆದರು. ಆಮೇಲೆ ಅವರು ಬರೆದದ್ದನ್ನು ಯಾರೂ ಕಾಣಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ಅವರು ನಿವೃತ್ತರಾಗಿ ಕಾಯಿಲೆ ಬಿದ್ದಿದ್ದಾಗ, ನೋಡಲು ಹೋದೆ. ಹಳೆಯ ಮಾತನ್ನು ನಾನೇ ಎತ್ತಿ ಕ್ಷಮೆ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ನೀವು ಹೇಳಿದ್ದು ಸುಳ್ಳಲ್ಲ, ಮೇಷ್ಟ್ರೆ. ಆದರೆ ಹೇಳುವಾಗ ನೀವು ನನ್ನ ಮುಖವನ್ನು ನೋಡಲಿಲ್ಲ. ಉಳಿದವರ ಮುಖಗಳನ್ನು ನೋಡುತ್ತಿದ್ದಿರಿ.”

ಆ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ. ನಾನು ಆರಿಸಿದ ಪದದಲ್ಲಿ ದೋಷವಿರಲಿಲ್ಲ. ಅದನ್ನು ಇಟ್ಟುಕೊಂಡ ಸ್ಥಾನದಲ್ಲಿ ದೋಷವಿತ್ತು. ನಮ್ಮ ವಚನಕಾರರನ್ನು ನೋಡಿ. ಬಸವಣ್ಣನವರಿಗೆ ಕೂಡಲಸಂಗಮದೇವ, ಅಲ್ಲಮಪ್ರಭುವಿಗೆ ಗುಹೇಶ್ವರ, ಅಕ್ಕಮಹಾದೇವಿಗೆ ಚೆನ್ನಮಲ್ಲಿಕಾರ್ಜುನ. ಒಬ್ಬೊಬ್ಬರಿಗೂ ಒಂದೊಂದು ಅಂಕಿತ. ಅವರು ಅದನ್ನು ಆರಿಸಿಕೊಂಡದ್ದು ಒಂದು ವರ್ಷಕ್ಕಲ್ಲ, ಬಾಳಿಗೆ. ಆ ಅಂಕಿತ ಸಾಮಾನ್ಯವಾಗಿ ಬರುವುದು ವಚನದ ಕೊನೆಯಲ್ಲಿ. ಆಡಿದ್ದನ್ನೆಲ್ಲ ಆಡಿ, ಕಡೆಗೆ ಆ ಹೆಸರಿನ ಎದುರಿಗೆ ನಿಂತು ಲೆಕ್ಕ ಒಪ್ಪಿಸಿದಂತೆ. ಅಂಕಿತ ಅಲ್ಲಿ ಸಾಕ್ಷಿ. ನಾನಾದರೋ ನನ್ನ ಪದವನ್ನು ಮಾತಿನ ಮೊದಲಿಗೆ ತಂದೆ. ಅದು ಸಾಕ್ಷಿಯಾಗುವ ಬದಲು ಪರವಾನಗಿಯಾಯಿತು.

ಪದವೊಂದನ್ನು ಆರಿಸುವ ಪ್ರಸಂಗ ಗಾಂಧೀಜಿಯವರ ಬಾಳಿನಲ್ಲಿಯೂ ಉಂಟು. ದಕ್ಷಿಣ ಆಫ್ರಿಕದಲ್ಲಿ ತಮ್ಮ ಹೋರಾಟಕ್ಕೆ ತಕ್ಕ ಹೆಸರು ಸಿಕ್ಕದೆ, ಅವರು ‘ಇಂಡಿಯನ್ ಒಪಿನಿಯನ್’ ಪತ್ರಿಕೆಯ ಮೂಲಕ ಬಹುಮಾನವೊಂದನ್ನು ಸಾರಿದರು. ಮಗನ್‌ಲಾಲ್ ಗಾಂಧಿಯವರು ಸೂಚಿಸಿದ ‘ಸದಾಗ್ರಹ’ವನ್ನು ತಿದ್ದಿ 1908ರಲ್ಲಿ ‘ಸತ್ಯಾಗ್ರಹ’ವೆಂದು ಮಾಡಿದರು. ಆ ಪದದ ಭಾರವೆಲ್ಲ ಅದನ್ನು ಹಿಡಿದವನ ಮೇಲೆಯೇ ಬೀಳುವಂಥದು: ಸೆರೆಮನೆಯೂ ಅವನಿಗೆ, ಏಟೂ ಅವನಿಗೆ. ಸತ್ಯ ನನ್ನ ಕೈಯಲ್ಲಿಯೂ ಇತ್ತು. ಏಟು ತಿಂದವರು ಮಾತ್ರ ಪಂಡಿತರು.

ಆದ್ದರಿಂದ ವರ್ಷಕ್ಕೊಂದು ಮಾತನ್ನು ಆರಿಸಬಯಸುವ ಕಿರಿಯರಿಗೆ ನನ್ನ ಅನುಭವದಿಂದ ಇಷ್ಟನ್ನು ಹೇಳಬಲ್ಲೆ. ನಿಮಗೆ ಶೋಭೆ ತರುವ ಪದವನ್ನು ಆರಿಸಬೇಡಿ. ನೀವು ಯಾರಿಗೋ ಬಾಕಿ ಉಳಿಸಿಕೊಂಡಿರುವ ಪದವನ್ನು ಆರಿಸಿ. ಅದನ್ನು ಇತರರನ್ನು ಅಳೆಯುವ ಗಜಕಡ್ಡಿಯಾಗಿ ಹಿಡಿಯಬೇಡಿ. ಸಾಧ್ಯವಾದರೆ ಗುಟ್ಟಾಗಿಡಿ. ತಂದೆಯವರ ಮೌನದ ಅರ್ಥ ಈಗ ನನಗೆ ತಿಳಿಯುತ್ತದೆ. ಬೇವಿಲ್ಲದ ಬೆಲ್ಲವನ್ನು ಯುಗಾದಿಯ ದಿನ ಯಾರೂ ಕೊಡುವುದಿಲ್ಲ. ಸಿಹಿಯಾದ ಪದದೊಳಗೂ ನಮ್ಮ ಪಾಲಿನ ಕಹಿ ಇರಲೇಬೇಕು.

ತಂದೆಯವರು ಕರಾರೆಂದು ಕರೆದದ್ದನ್ನು ಇಲ್ಲಿ ಒಂದು ಸಲ ಮುರಿಯುತ್ತೇನೆ. ಮುಂದಿನ ಯುಗಾದಿಗೆ ನಾನು ಗೊತ್ತುಮಾಡಿಕೊಂಡಿರುವ ಪದ ‘ನಿಧಾನ’. ಕನ್ನಡದ ನಿತ್ಯದ ಮಾತಿನಲ್ಲಿ ಅದಕ್ಕೆ ಸಾವಕಾಶವೆಂದು ಅರ್ಥ. ಸಂಸ್ಕೃತದಲ್ಲಿ ನಿಧಿ ಎಂದೂ ಉಂಟು. ಬಾಯಿಗೆ ಬಂದ ಮಾತನ್ನು ಎದುರಿನವರ ಮುಖ ನೋಡುವಷ್ಟು ಹೊತ್ತು ತಡೆದು ನಿಲ್ಲಿಸುವುದನ್ನು ಈ ವಯಸ್ಸಿನಲ್ಲಾದರೂ ಕಲಿಯಬೇಕಾಗಿದೆ. ಪಂಡಿತರು ಈಗಿಲ್ಲ. ಅವರ ಆ ನೋಟುಪುಸ್ತಕ ಅವರ ಮಗಳ ಮನೆಯಲ್ಲಿದೆಯೆಂದು ಕೇಳಿದ್ದೇನೆ. ಹೋಗಿ, ಅನುಮತಿ ಬೇಡಿ, ಇನ್ನೊಮ್ಮೆ ಮೊದಲಿನಿಂದ ಓದಬೇಕೆಂದಿದ್ದೇನೆ. ಈ ಸಲ ನಿಧಾನವಾಗಿ.