ಕೆರೆಯಂಗಳದ ಮನೆಗಳು ತೂಗಿದಾಗ

ಚೆನ್ನೈನ ಟಿ. ನಗರದಲ್ಲಿ ನೆಲ ಸುಮ್ಮನಿರುವುದೇ ಅಪರೂಪ. ಮಾಂಬಲಂ ಸ್ಟೇಷನ್ನಿನ ಆಸುಪಾಸಿನ ಮನೆಗಳಲ್ಲಿ ಲೋಕಲ್ ಟ್ರೇನು ಹಾದಾಗಲೆಲ್ಲ ಅಡುಗೆಮನೆಯ ಸ್ಟೀಲ್ ಲೋಟಗಳು ಕಿಣಿಗುಟ್ಟುತ್ತವೆ. ಉಸ್ಮಾನ್ ರಸ್ತೆಯ ಫ್ಲೈಓವರಿನಲ್ಲಿ ತುಂಬಿದ ಬಸ್ಸೊಂದು ಜಾಯಿಂಟು ದಾಟಿದರೆ ಪಕ್ಕದ ಕಟ್ಟಡದ ಕಿಟಕಿಗಾಜು ಗುಡುಗಿ ಸುಮ್ಮನಾಗುತ್ತದೆ. ಹಳೆಯ ಬಂಗಲೆ ಕೆಡವಿ ಹೊಸ ಫ್ಲಾಟು ಎಬ್ಬಿಸುವ ಕೆಲಸ ಯಾವುದಾದರೊಂದು ಅಡ್ಡರಸ್ತೆಯಲ್ಲಿ ನಡೆದೇ ಇರುತ್ತದೆ. ಈಚಿನ ವರ್ಷಗಳಲ್ಲಿ ಪನಗಲ್ ಪಾರ್ಕಿನ ಅಡಿಯಿಂದ ಕೋಡಂಬಾಕ್ಕಂ ಕಡೆಗೆ ಮೆಟ್ರೋ ಸುರಂಗ ಕೊರೆಯುವ ಕೆಲಸವೂ ಸೇರಿಕೊಂಡಿತು. ಇಷ್ಟರ ನಡುವೆ ಬದುಕುವವರ ಅಂಗಾಲಿಗೆ ತಾನಾಗಿಯೇ ತಿಳಿವಳಿಕೆ ಬಂದುಬಿಡುತ್ತದೆ. ಇದು ರೈಲು, ಇದು ಕಾಂಕ್ರೀಟ್ ಲಾರಿ, ಇದು ಪೈಲಿಂಗ್ ಹೊಡೆತ ಎಂದು ಟಿವಿಯಿಂದ ಕಣ್ಣು ತೆಗೆಯದೆಯೇ ಹೇಳುತ್ತಾರೆ. ಇವು ಯಾವುವೂ ಅಲ್ಲದ ಅಲುಗಾಟ ಬಂದಾಗ ಮಾತ್ರ ತಲೆ ಎತ್ತುತ್ತಾರೆ.

ಆ ಅಲುಗಾಟಕ್ಕೆ ಸದ್ದಿಲ್ಲ. 2012ರ ಏಪ್ರಿಲ್ 11ರ ಮಧ್ಯಾಹ್ನ, ಊಟ ಮುಗಿದು ಬೀದಿಯೆಲ್ಲ ಬಿಸಿಲಿಗೆ ಕಣ್ಣು ಮುಚ್ಚಿಕೊಂಡ ಹೊತ್ತು. ಹಬೀಬುಲ್ಲಾ ರಸ್ತೆಯ ಕರ್ನಾಟಕ ಸಂಘದ ಶಾಲೆಗೆ ಹತ್ತಿರದ ಒಂದು ಅಡ್ಡರಸ್ತೆಯಲ್ಲಿ, ನಾಲ್ಕನೆಯ ಮಹಡಿಯ ನಮ್ಮ ಮನೆಯಲ್ಲಿ, ಮೊದಲು ಕಂಡದ್ದು ದೇವರ ಮುಂದಿನ ತೂಗುದೀಪ. ಫ್ಯಾನಿನ ಗಾಳಿಗೆ ಅದು ನಡುಗುವುದಿತ್ತು. ಆದರೆ ಈಗ ನಡುಗುತ್ತಿರಲಿಲ್ಲ, ನಿಧಾನವಾಗಿ, ಅಳತೆಯಿಟ್ಟ ಹಾಗೆ ಅತ್ತ ಹೋಗಿ ಇತ್ತ ಬರುತ್ತಿತ್ತು. ಬಚ್ಚಲಿನ ಬಕೆಟ್ಟಿನ ನೀರು ಒಂದು ಅಂಚಿಗೇರಿ ಇನ್ನೊಂದು ಅಂಚಿಗಿಳಿಯಿತು. ದಡಕ್ಕೆ ಕಟ್ಟಿದ ದೋಣಿಯಲ್ಲಿ ಕೂತಾಗ ಹೊಟ್ಟೆಯೊಳಗೆ ಆಗುವಂಥದ್ದು ನಿಂತ ನೆಲದಲ್ಲೇ ಆಯಿತು. ಎದುರುಮನೆಯ ಅಜ್ಜಿ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದರು. “ಬಿ.ಪಿ. ಮಾತ್ರೆ ತಗೊಂಡಿದೀನಿ ಕಣೋ, ಆದ್ರೂ ತಲೆ ತಿರುಗ್ತಾ ಇದೆ” ಎಂದರು. ತಲೆಯಲ್ಲ ಅಜ್ಜಿ, ಮನೆ ತಿರುಗ್ತಿದೆ, ಬನ್ನಿ ಇಳಿಯೋಣ ಎಂದು ಅವರ ಕೈ ಹಿಡಿದು ಇಳಿಸಿದ್ದಾಯಿತು.

ಕೆಳಗೆ ಬಂದರೆ ವಾಚ್‌ಮನ್ ಕುರ್ಚಿಯಿಂದ ಎದ್ದಿರಲೇ ಇಲ್ಲ. “ಇಂಗೆ ಒಣ್ಣುಂ ಇಲ್ಲೆಯೇ ಸಾರ್” ಎಂದ. ಇಲ್ಲೇನೂ ಆಗಲಿಲ್ಲವಲ್ಲ ಎಂಬ ಅವನ ಮಾತು ಸತ್ಯವೇ. ಉಸ್ಮಾನ್ ರಸ್ತೆಗೆ ನಡೆದಾಗಲೂ ಅದೇ ನೋಟ. ಮೇಲಿನ ಮಹಡಿಗಳಿಂದ ಇಳಿದ ಸೀರೆ ಅಂಗಡಿಯ ಹುಡುಗಿಯರು ಒಂದೇ ಬಣ್ಣದ ಯೂನಿಫಾರಂ ಸೀರೆಯಲ್ಲಿ ರಸ್ತೆ ವಿಭಜಕದ ಉದ್ದಕ್ಕೂ ನಿಂತಿದ್ದರು. ಮದುವೆ ಜವಳಿಗೆ ಬಂದಿದ್ದ ಕುಟುಂಬವೊಂದು ಚಪ್ಪಲಿ ಮರೆತು ಕಾದ ಟಾರಿನ ಮೇಲೆ ಕಾಲು ಬದಲಿಸುತ್ತಿತ್ತು. ಎಲ್ಲರ ಕಿವಿಯಲ್ಲೂ ಫೋನು, ಯಾರಿಗೂ ಲೈನಿಲ್ಲ. ರಂಗನಾಥನ್ ಬೀದಿಯ ಬಾಯಲ್ಲಿ ಮಾತ್ರ ಕರ್ಚೀಫು, ಹೇರ್‌ಪಿನ್ನು ಮಾರುವವರು ಕೂಗು ನಿಲ್ಲಿಸಿರಲಿಲ್ಲ. ಅವರ ಕಾಲಡಿಯ ನೆಲ ಅವರಿಗೆ ಏನನ್ನೂ ಹೇಳಿರಲಿಲ್ಲ.

ಇದರ ಕಾರಣ ದೂರದಲ್ಲಿತ್ತು. 2 ಗಂಟೆ 8 ನಿಮಿಷಕ್ಕೆ, ಸುಮಾರು ಎರಡು ಸಾವಿರ ಕಿಲೋಮೀಟರು ಆಚೆ, ಸುಮಾತ್ರಾದ ಪಶ್ಚಿಮದ ಕಡಲತಳದಲ್ಲಿ 8.6 ಪ್ರಮಾಣದ ಭೂಕಂಪವಾಗಿತ್ತು. ಅಷ್ಟು ದೂರ ಸಾಗುವಾಗ ಬಿರುಸಾದ, ಗಿಡ್ಡ ಕಂಪನಗಳು ಬಂಡೆಯಲ್ಲೇ ಸವೆದುಹೋಗುತ್ತವೆ. ಉದ್ದನೆಯ, ನಿಧಾನದ ಅಲೆಗಳು ಮಾತ್ರ ಉಳಿದು ಬರುತ್ತವೆ. ಪ್ರತಿ ಕಟ್ಟಡಕ್ಕೂ ತನ್ನದೇ ಆದ ತೂಗಾಟದ ಲಯವಿದೆ. ಒಂದಂತಸ್ತಿನ ಮನೆಯದು ಬಲು ಚುರುಕು, ಹತ್ತು ಮಹಡಿಯದು ಸುಮಾರು ಒಂದು ಸೆಕೆಂಡಿಗೊಂದು ತೂಗು. ಬಂದ ಅಲೆಯ ಲಯ ಕಟ್ಟಡದ ಲಯದ ಹತ್ತಿರ ಬಂದರೆ ಕಟ್ಟಡ ಅದನ್ನು ಎತ್ತಿಕೊಳ್ಳುತ್ತದೆ. ಅದಕ್ಕೇ ಅಜ್ಜಿಗೆ ತಲೆ ತಿರುಗಿತು, ವಾಚ್‌ಮನ್‌ಗೆ ಏನೂ ಆಗಲಿಲ್ಲ.

ಇನ್ನೊಂದು ಕಾರಣ ಟಿ. ನಗರದ ಹೊಟ್ಟೆಯೊಳಗೇ ಇದೆ. ಈ ಬಡಾವಣೆ ಕೆರೆಯ ಮೇಲೆ ಕೂತಿದೆ. ನುಂಗಂಬಾಕ್ಕಂನಿಂದ ಮಾಂಬಲಂ ದಾಟಿ ದಕ್ಷಿಣಕ್ಕೆ ಮೈಲಿಗಟ್ಟಲೆ ಚಾಚಿದ್ದ ಆ ನೀರನ್ನು ಬ್ರಿಟಿಷರು ಲಾಂಗ್ ಟ್ಯಾಂಕ್ ಎಂದೇ ಕರೆಯುತ್ತಿದ್ದರು. 1920ರ ದಶಕದಲ್ಲಿ ಅದನ್ನು ಬತ್ತಿಸಿ ಸೈಟು ಮಾಡಿದರು, ಜಸ್ಟಿಸ್ ಪಕ್ಷದ ಪಿ. ತ್ಯಾಗರಾಯ ಚೆಟ್ಟಿಯವರ ಹೆಸರಿಟ್ಟರು. ಪಶ್ಚಿಮ ಮಾಂಬಲಂನ ಲೇಕ್ ವ್ಯೂ ರಸ್ತೆಯಲ್ಲಿ ಈಗ ಯಾವ ಮಹಡಿ ಹತ್ತಿದರೂ ಕೆರೆ ಕಾಣುವುದಿಲ್ಲ. ವಳ್ಳುವರ್ ಕೋಟ್ಟಂ ನಿಂತಿರುವುದೂ ಆ ಅಂಗಳದಲ್ಲೇ. ಮಳೆಗಾಲದಲ್ಲಿ ಕೆರೆ ತಾನಾಗಿಯೇ ತನ್ನ ಜಾಗ ತೋರಿಸುತ್ತದೆ. 2021ರ ನವೆಂಬರಿನಲ್ಲಿ ಜಿ.ಎನ್. ಚೆಟ್ಟಿ ರಸ್ತೆಯಲ್ಲಿ ಮೊಣಕಾಲು ನೀರಲ್ಲಿ ನಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಭೂಕಂಪದಲ್ಲೂ ಕೆರೆಗೆ ಪಾತ್ರವಿದೆ. ಗಟ್ಟಿ ಬಂಡೆಯಲ್ಲಿ ಸಣ್ಣದಾಗಿ ಹಾದುಹೋಗುವ ಅಲೆ, ಮೆತ್ತನೆಯ ಜೇಡಿ ಹೂಳಿಗೆ ಬಂದಾಗ ವೇಗ ಕಳೆದುಕೊಂಡು ಎತ್ತರವಾಗುತ್ತದೆ. 1985ರ ಸೆಪ್ಟೆಂಬರ್ 19ರಂದು ಮೆಕ್ಸಿಕೋ ನಗರದಲ್ಲಿ ಆದದ್ದು ಅದೇ. ಭೂಕಂಪದ ಕೇಂದ್ರ ಮುನ್ನೂರೈವತ್ತು ಕಿಲೋಮೀಟರಿಗೂ ಆಚೆ ಇತ್ತು. ಹಳೆಯ ಕೆರೆಯಂಗಳದ ಮೇಲಿನ ನಡುಎತ್ತರದ ಕಟ್ಟಡಗಳೇ ಹೆಚ್ಚಾಗಿ ಉರುಳಿ ಸಾವಿರಾರು ಜನ ಸತ್ತರು. ನಮ್ಮ ಕೆರೆ ಅಷ್ಟು ದೊಡ್ಡದಲ್ಲ, ಹೂಳೂ ಅಷ್ಟು ಆಳದ್ದಲ್ಲ. ಆದರೂ ಇಲ್ಲಿ ಮನೆ ಕೊಳ್ಳುವವರು ವಾಸ್ತು ಕೇಳುತ್ತಾರೆ, ಕಾವೇರಿ ನೀರಿದೆಯೇ ಎಂದು ಕೇಳುತ್ತಾರೆ. ಅಡಿಪಾಯ ಎಂಥ ಮಣ್ಣಿನಲ್ಲಿ ಎಷ್ಟು ಆಳ ಇಳಿದಿದೆ ಎಂದು ಕೇಳಿದವರನ್ನು ನಾನು ಕಂಡಿಲ್ಲ.

2012ರ ಆ ಏಪ್ರಿಲ್ 11ರ ಸಂಜೆ 4 ಗಂಟೆ 13ಕ್ಕೆ 8.2ರ ಇನ್ನೊಂದು ಕಂಪನವಾಯಿತು. ಮನೆಗೆ ಮರಳಿದವರು ಮತ್ತೆ ಇಳಿದರು. ಆಗ ಎಲ್ಲರ ಬಾಯಲ್ಲೂ ಕಡಲಿನ ಮಾತು. ಮರೀನಾದಿಂದ ಜನರನ್ನು ಎಬ್ಬಿಸುತ್ತಿದ್ದಾರೆ ಎಂದು ಟಿವಿ ಹೇಳುತ್ತಿತ್ತು. ಸಂಜೆಯ ಹೊತ್ತಿಗೆ ಗಂಡಾಂತರವಿಲ್ಲ ಎಂದು ತಿಳಿಯಿತು. ಆ ಕಂಪನದಲ್ಲಿ ಕಡಲತಳದ ಬಂಡೆಗಳು ಮೇಲೇಳದೆ ಒಂದರ ಪಕ್ಕದಲ್ಲೊಂದು ಜಾರಿದ್ದವು, ಹಾಗಾಗಿ ನೀರನ್ನು ಎತ್ತಿ ನೂಕಲಿಲ್ಲ.

ಜನ ಹೆದರಿದ್ದರಲ್ಲಿ ಅತಿಶಯವಿರಲಿಲ್ಲ. 2004ರ ಡಿಸೆಂಬರ್ 26 ಭಾನುವಾರ, ಮಾರ್ಗಳಿ ತಿಂಗಳು. ಬಾಗಿಲ ಮುಂದೆ ಕೋಲ ಹಾಕಿ ಕುಂಬಳದ ಹೂವಿಡುವ ಹೊತ್ತು, ಗುಡಿಗಳಲ್ಲಿ ತಿರುಪ್ಪಾವೈ. ವಾಣಿ ಮಹಲಿನಲ್ಲಿ, ಕೃಷ್ಣ ಗಾನ ಸಭಾದಲ್ಲಿ ಸಂಗೀತದ ಸೀಸನ್ ಏರಿದ್ದ ದಿನಗಳು. ಸುಮಾತ್ರಾದಲ್ಲಿ 9.1ರ ಭೂಕಂಪವಾದದ್ದು ನಮ್ಮ ಗಡಿಯಾರದ 6 ಗಂಟೆ 29ಕ್ಕೆ. ಕೆಲವು ನಿಮಿಷಗಳಲ್ಲಿ ಟಿ. ನಗರದ ಮಂಚಗಳು ಅಲುಗಿದವು. ಜನ ಕೆಳಗಿಳಿದರು, ಮಾತಾಡಿಕೊಂಡರು, ಕಾಫಿ ಆರುತ್ತದೆಂದು ಮೇಲೆ ಹೋದರು. ನೆಲದೊಳಗಿನ ಅಲೆ ಎರಡು ಸಾವಿರ ಕಿಲೋಮೀಟರನ್ನು ನಿಮಿಷಗಳಲ್ಲಿ ದಾಟುತ್ತದೆ. ಸುನಾಮಿ ಆಳದ ಕಡಲಲ್ಲಿ ಗಂಟೆಗೆ ಏಳುನೂರು ಕಿಲೋಮೀಟರಿನಷ್ಟು ಓಡಿದರೂ ಅದಕ್ಕೆ ಎರಡು ಗಂಟೆಗೂ ಹೆಚ್ಚು ಬೇಕು. ಆ ಎರಡು ಗಂಟೆ ಚೆನ್ನೈಗೆ ದೊರೆತಿತ್ತು. ಭೂಮಿ ಹೇಳಿಹೋದ ಸುದ್ದಿಯನ್ನು ಓದಬಲ್ಲ ಏರ್ಪಾಡು ಮಾತ್ರ ನಮ್ಮ ದೇಶದಲ್ಲಿ ಆಗ ಇರಲಿಲ್ಲ. ಪಟ್ಟಿನಪಾಕ್ಕಂನ ಮೀನುಗಾರರು, ಮರೀನಾದ ಮರಳಲ್ಲಿ ಕ್ರಿಕೆಟ್ ಆಡುತ್ತಿದ್ದ ಹುಡುಗರು, ವಾಕಿಂಗ್ ಹೋದವರು ನೀರಿಗೆ ಸಿಕ್ಕಿದರು. 1881ರ ಡಿಸೆಂಬರ್ 31ರ ಬೆಳಿಗ್ಗೆಯೂ ನಿಕೋಬಾರಿನ ಭೂಕಂಪಕ್ಕೆ ಮದರಾಸು ಅಲುಗಿ, ಆಮೇಲೆ ಕಡಲು ಏರಿಳಿದದ್ದು ಬಂದರಿನ ಮಾಪಕದಲ್ಲಿ ದಾಖಲಾಗಿತ್ತು, ಭೂವಿಜ್ಞಾನಿ ಆರ್.ಡಿ. ಓಲ್ಡ್‌ಹ್ಯಾಮ್ ಆ ಭೂಕಂಪದ ಬಗ್ಗೆ ಬರೆದೂ ಇದ್ದರು. ಅಷ್ಟು ಹಳೆಯ ಪಾಠ ಕಪಾಟಿನಲ್ಲೇ ಉಳಿದದ್ದು ನನಗೆ ಈಗಲೂ ಸಂಕಟದ ವಿಷಯ. ಹೈದರಾಬಾದಿನಲ್ಲಿ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ಶುರುವಾದದ್ದು 2007ರಲ್ಲಿ.

ಇಂಥ ಕಂಪನ ನಮ್ಮ ಅಂಡಮಾನ್ ನಿಕೋಬಾರಿನಲ್ಲಿ ಮಾಮೂಲಿ. ಚೆನ್ನೈಗೆ ಬಹಳ ಸಲ ಬರುವುದು ಆ ದ್ವೀಪಗಳ ಕಡೆಯ ಸುದ್ದಿ. 2009ರ ಆಗಸ್ಟ್ 11ರ ರಾತ್ರಿ 1 ಗಂಟೆ 25ಕ್ಕೆ ಅಂಡಮಾನಿನ ಉತ್ತರಕ್ಕೆ 7.5ರ ಕಂಪನವಾದಾಗ ಇಡೀ ಬೀದಿ ನಿದ್ದೆಗಣ್ಣಲ್ಲಿ ಹೊರಗೆ ನಿಂತಿತ್ತು. ನೈಟಿಯ ಮೇಲೆ ಟವೆಲು ಹೊದ್ದ ಹೆಂಗಸರು, ಲುಂಗಿಯ ಗಂಡಸರು, ಹೆಗಲ ಮೇಲೆ ಮಲಗಿದ ಮಕ್ಕಳು. ಮಾರ್ವಾಡಿ ಮನೆಯವರು ನೀರು ಹಂಚಿದರು. ವರ್ಷಗಟ್ಟಲೆ ಲಿಫ್ಟಿನಲ್ಲಿ ಮುಖ ನೋಡಿದವರು ಅಂದು ಮೊದಲ ಸಲ ಊರು ಯಾವುದೆಂದು ಕೇಳಿಕೊಂಡರು.

ಹತ್ತಿರದ ಕಂಪನದ ಸ್ವಭಾವವೇ ಬೇರೆ. 2001ರ ಸೆಪ್ಟೆಂಬರ್ 25ರ ರಾತ್ರಿ ಎಂಟೂವರೆ ಹತ್ತಿರ, ಪುದುಚೇರಿಯ ಎದುರಿನ ಕಡಲಲ್ಲಿ 5.5ರ ಭೂಕಂಪವಾಯಿತು. ಅಮೆರಿಕದ ಅವಳಿ ಗೋಪುರ ಬಿದ್ದು ಎರಡು ವಾರ, ಟಿವಿಯಲ್ಲಿ ಇನ್ನೂ ಅದೇ ಚಿತ್ರ. ಅಂಥ ಹೊತ್ತಿನಲ್ಲಿ ಪಾತ್ರೆ ಕಪಾಟು ಗಡಗಡ ಎಂದಿತು. ಅಂದು ಕೆಳಗಿನ ಮನೆಯವರೂ ಓಡಿಬಂದಿದ್ದರು. ಮರುವರ್ಷ ಬಂದ ಪರಿಷ್ಕೃತ ಕಟ್ಟಡ ಮಾನಕದ ನಕ್ಷೆಯಲ್ಲಿ ಚೆನ್ನೈ ಎರಡನೆಯ ವಲಯದಿಂದ ಮೂರನೆಯದಕ್ಕೆ ಏರಿತು. ಊರಿನ ಕಡೆಯಿಂದ ಬರುವ ಸುದ್ದಿಯೂ ಹತ್ತಿರದ ಕಂಪನದ್ದೇ. 2021ರ ಅಕ್ಟೋಬರಿನಲ್ಲಿ ಕಲಬುರಗಿಯ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ನೆಲದೊಳಗಿಂದ ಸದ್ದು ಬಂದು ಜನ ಮನೆ ಬಿಟ್ಟು ಬಯಲಲ್ಲಿ ಮಲಗಿದರು. 2022ರ ಜೂನಿನಲ್ಲಿ ಕೊಡಗಿನ ಚೆಂಬು, ಸುಳ್ಯದ ಕಡೆ ಹೆಂಚು ನಡುಗಿತು. ಅವು 2, 3, 4ರ ಪ್ರಮಾಣದವು. ಆದರೆ ಕಾಲ ಬುಡದಲ್ಲೇ ಆದದ್ದರಿಂದ ಮಣ್ಣಿನ ಗೋಡೆಯ ಒಂದಂತಸ್ತಿನ ಮನೆಗೇ ಹೆಚ್ಚು ಏಟು. ಸುಳ್ಯದ ನಂಟರು ಫೋನಿನಲ್ಲಿ “ಗುಡುಗು ಅಡಿಯಿಂದ ಬಂದ ಹಾಗೆ” ಎಂದಾಗ, ಸದ್ದಿಲ್ಲದೆ ತೂಗುವ ನಮ್ಮ ಅನುಭವವನ್ನು ಅವರಿಗೆ ಹೇಳಿ ನಂಬಿಸುವುದು ಕಷ್ಟವಾಯಿತು.

2019ರ ಫೆಬ್ರುವರಿ 12ರ ಬೆಳಿಗ್ಗೆ, 2021ರ ಆಗಸ್ಟ್ 24ರ ಮಧ್ಯಾಹ್ನ ಬಂಗಾಳ ಕೊಲ್ಲಿಯಲ್ಲಿ 5ರ ಆಸುಪಾಸಿನ ಕಂಪನಗಳಾದವು. ಎರಡೂ ಸಲ ಕಾಲೋನಿಯ ವಾಟ್ಸಾಪ್ ಗುಂಪು ಹವಾಮಾನ ಇಲಾಖೆಗಿಂತ ಮೊದಲು ಮಾತಾಡಿತು. 2023ರ ಫೆಬ್ರುವರಿಯಲ್ಲಿ ಅಣ್ಣಾ ಸಾಲೈನ ಕೆಲವು ಕಟ್ಟಡಗಳಿಂದ ಜನ ಓಡಿ ಬಂದಾಗ ಮಾತ್ರ ಯಾವ ಭೂಕಂಪವೂ ದಾಖಲಾಗಿರಲಿಲ್ಲ.

ನನಗೆ ಕಳವಳ ಇರುವುದು ತೂಗುವ ದೀಪದ ಬಗ್ಗೆ ಅಲ್ಲ, ನಮ್ಮ ಕಾರುಗಳು ನಿಲ್ಲುವ ಜಾಗದ ಬಗ್ಗೆ. ಟಿ. ನಗರದ ಬಂಗಲೆಗಳು ಫ್ಲಾಟುಗಳಾದಾಗ ನೆಲಮಹಡಿಯನ್ನು ಗೋಡೆಯಿಲ್ಲದೆ, ಬರೀ ಕಂಬಗಳ ಮೇಲೆ, ಪಾರ್ಕಿಂಗಿಗೆ ಬಿಟ್ಟರು. ಮೇಲೆಲ್ಲ ಇಟ್ಟಿಗೆ ಗೋಡೆಯ ಬಿಗಿ, ಕೆಳಗೆ ಪೊಳ್ಳು. 2001ರ ಭುಜ್ ಭೂಕಂಪದಲ್ಲಿ, ಕೇಂದ್ರದಿಂದ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರದ ಅಹಮದಾಬಾದಿನಲ್ಲಿ ಕುಸಿದ ಬಹುಮಹಡಿಗಳಲ್ಲಿ ಇಂಥವು ಬಹಳ. ಕಂಬಗಳಿಗೆ ಕವಚ ಕಟ್ಟಿ ಬಲಪಡಿಸಬಹುದು, ಸರಿಯಾದ ಕಡೆ ಕಾಂಕ್ರೀಟ್ ಗೋಡೆ ಎಬ್ಬಿಸಬಹುದು. ನಮ್ಮ ಕಟ್ಟಡದ ಸಭೆಯಲ್ಲಿ ಈ ಮಾತು ಎತ್ತಿದಾಗ ಎರಡು ಕಾರುಗಳ ಜಾಗ ಹೋಗುತ್ತದೆಂಬ ಆಕ್ಷೇಪ ಬಂತು. ಆ ಎರಡು ಕಾರು ಬೀದಿಯಲ್ಲಿ ನಿಲ್ಲಲಿ ಎಂಬುದೇ ನನ್ನ ಮತ. ಮೊದಲು ಕಂಬಗಳನ್ನು ಪರೀಕ್ಷಿಸಲು ಸ್ಟ್ರಕ್ಚರಲ್ ಇಂಜಿನಿಯರೊಬ್ಬರನ್ನು ಕರೆಸುವುದೆಂದು ಒಪ್ಪಿಗೆಯಾಗಿದೆ, ಚಂದಾ ಎತ್ತುತ್ತಿದ್ದೇವೆ. ಅಷ್ಟರೊಳಗೆ ಮೆಟ್ಟಿಲ ತಿರುವುಗಳಲ್ಲಿದ್ದ ಚಪ್ಪಲಿ ಸ್ಟ್ಯಾಂಡು, ಹಳೆಯ ಸೈಕಲ್ಲು, ಖಾಲಿ ಸಿಲಿಂಡರು ಎಲ್ಲವನ್ನೂ ತೆಗೆಸಿಯಾಯಿತು.