ಹುಳಿ ಹಚ್ಚಿಟ್ಟ ಮಾಂಸ ಅರೆಬೆಂದರೂ ಸಾಕೇ?

ಹುಳಿ ಹಚ್ಚಿ ರಾತ್ರಿಯಿಡೀ ಇಟ್ಟ ಮಾಂಸದಲ್ಲಿ ಕ್ರಿಮಿ ಉಳಿಯುವುದಿಲ್ಲ, ಆಮೇಲೆ ಕೆಂಡದ ಮೇಲೆ ಸ್ವಲ್ಪ ಬಾಡಿಸಿದರೆ ಸಾಕು ಎಂಬ ಅರ್ಥದ ಮಾತು ವಾಟ್ಸಾಪ್ ಗುಂಪುಗಳಲ್ಲಿ ಸುತ್ತುತ್ತಿರುತ್ತದೆ. ಜತೆಗೆ, ಒಳಗೆ ಕೆಂಪಗಿರುವ ಸ್ಟೇಕ್ ಕತ್ತರಿಸಿ ತೋರಿಸುವ ವಿದೇಶಿ ವಿಡಿಯೋಗಳು. ಪುತ್ತೂರು, ಸುಳ್ಯ, ಕಡಬದ ಕಡೆ ಅಂಗಳದಲ್ಲಿ ಗೆರಟೆ ಕೆಂಡ ಮಾಡಿ ಕೋಳಿಯನ್ನೋ ಹಂದಿಯನ್ನೋ ಸುಡುವವರು ಇದನ್ನು ನಂಬಬಾರದು. ಯಾಕೆಂದು ನೋಡೋಣ.

ಲಿಂಬೆ, ಪುನರ್ಪುಳಿ, ಮೊಸರು, ಘಟ್ಟ ಹತ್ತಿದರೆ ಕೊಡಗಿನವರು ಹಂದಿಮಾಂಸಕ್ಕೆ ಹಾಕುವ ಕಾಚಂಪುಳಿ, ಎಲ್ಲದರಲ್ಲೂ ಇರುವುದು ಆಮ್ಲ. ಆಮ್ಲ ತಾಗಿದಾಗ ಮಾಂಸದ ಪ್ರೋಟೀನಿನ ಮಡಿಕೆಗಳು ಬಿಚ್ಚಿಕೊಳ್ಳುತ್ತವೆ, ಬಣ್ಣ ಬಿಳುಚುತ್ತದೆ. ನೋಡಲು ಬೆಂದ ಹಾಗೆಯೇ. ಆದರೆ ಹುಳಿ, ಖಾರ, ಅರಿಶಿನ ಒಳಗಿಳಿಯುವುದು ಕೆಲವೇ ಮಿಲಿಮೀಟರ್. ಉಪ್ಪು ಮಾತ್ರ ಇನ್ನಷ್ಟು ಒಳಕ್ಕೆ ಹೋಗುತ್ತದೆ. ಸುಟ್ಟ ದಪ್ಪ ತುಂಡೊಂದನ್ನು ಕತ್ತರಿಸಿ ನೋಡಿ, ಮಸಾಲೆಯ ಬಣ್ಣ ಅಂಚಿನಲ್ಲೇ ನಿಂತಿರುತ್ತದೆ. ಕೋಳಿಯಲ್ಲಿರಬಹುದಾದ ಸಾಲ್ಮೊನೆಲ್ಲ, ಕ್ಯಾಂಪಿಲೋಬ್ಯಾಕ್ಟರ್ ಇಷ್ಟಕ್ಕೆಲ್ಲ ಪೂರ್ತಿ ಸಾಯುವುದಿಲ್ಲ. ಅವನ್ನು ಕೊಲ್ಲುವುದು ಬಿಸಿ.

ಹಾಗಾದರೆ ಆ ಕೆಂಪು ಸ್ಟೇಕ್ ತಿನ್ನುವವರಿಗೆ ಏನೂ ಆಗುವುದಿಲ್ಲವೇ? ಅದು ದನದ ಇಡೀ ಸ್ನಾಯುವಿನ ತುಂಡು. ಬ್ಯಾಕ್ಟೀರಿಯಾ ಹೆಚ್ಚಾಗಿ ಹೊರಮೈಯಲ್ಲೇ ಇರುವುದರಿಂದ ಹೊರಗಿನ ಜೋರು ಶಾಖಕ್ಕೆ ಸಾಯುತ್ತವೆ. ಆದರೂ ಅಮೆರಿಕದ ಕೃಷಿ ಇಲಾಖೆ ಅದಕ್ಕೂ ಒಳಗೆ 63 ಡಿಗ್ರಿ ಸೆಲ್ಸಿಯಸ್ ಮುಟ್ಟಿಸಿ 3 ನಿಮಿಷ ಬಿಡಿ ಎನ್ನುತ್ತದೆ. ಕೋಳಿಗೆ ಈ ಲೆಕ್ಕ ಹಿಡಿಯುವುದೇ ಇಲ್ಲ, ಅದರ ಅತಿ ದಪ್ಪ ಭಾಗ 74 ಡಿಗ್ರಿ ಮುಟ್ಟಬೇಕು. ಹಂದಿಮಾಂಸದಲ್ಲಿ ಲಾಡಿಹುಳುವಿನ ಕೋಶಗಳೂ ಇರಬಹುದಾದ್ದರಿಂದ ನಮ್ಮಲ್ಲಿ ಅದನ್ನೂ ಪೂರ್ತಿ ಬೇಯಿಸುವುದೇ ಸರಿ. ಕೈಮಾ ಮಾಡುವಾಗ ಹೊರಮೈಯ ಕ್ರಿಮಿ ಒಳಗೆಲ್ಲ ಬೆರೆತುಹೋಗುತ್ತದೆ, ಅದು ಅರೆಬೇಯಲೇಬಾರದು. ಬಣ್ಣ ನೋಡಿ ಹೇಳುವುದು ನಂಬಿಕಸ್ತ ದಾರಿಯಲ್ಲ. ಅಡುಗೆಯ ಥರ್ಮಾಮೀಟರ್ ಇದ್ದರೆ ಎಲುಬಿಗೆ ತಾಗದಂತೆ ಚುಚ್ಚಿ ನೋಡಿ. (ಸ್ಟೇಕಿನಿಂದ ಇಳಿಯುವ ಕೆಂಪು ನೀರು ರಕ್ತವಲ್ಲ, ಮಯೋಗ್ಲೋಬಿನ್ ಎಂಬ ಪ್ರೋಟೀನ್ ಬೆರೆತ ನೀರು.)

ಹಿತ್ತಿಲ ಬಪ್ಪಂಗಾಯಿಯ ವಿಷಯದಲ್ಲಿ ಅಜ್ಜಿಯಂದಿರು ಹೇಳಿದ್ದು ಸರಿ. ಕಾಯಿಯ ಹಾಲಿನಲ್ಲಿರುವ ಪಪೇನ್ ಎಂಬ ಕಿಣ್ವ ಮಾಂಸದ ಪ್ರೋಟೀನನ್ನು ಕತ್ತರಿಸಿ ಮೆದು ಮಾಡುತ್ತದೆ. ಹಣ್ಣಾದಂತೆ ಆ ಗುಣ ಕುಗ್ಗುತ್ತದೆ. ಆದರೆ ಅರೆದ ಕಾಯಿ ಒಂದು ಚಮಚ, ಒಂದು ಗಂಟೆ ಧಾರಾಳ. ರಾತ್ರಿಯಿಡೀ ಬಿಟ್ಟರೆ ಹೊರಮೈ ಹಿಟ್ಟಿನಂತಾಗಿ, ಸುಡುವಾಗ ಸರಳಿಗೆ ಅಂಟಿ ಕಿತ್ತು ಬರುತ್ತದೆ.

ಹಚ್ಚಿಟ್ಟ ಮಾಂಸವನ್ನು ಫ್ರಿಜ್ಜಿನಲ್ಲೇ ಇಡಬೇಕು. ನಮ್ಮೂರಿನ ಸೆಕೆಯಲ್ಲಿ ಅಡುಗೆಮನೆಯ ಕಟ್ಟೆಯ ಮೇಲೆ ರಾತ್ರಿಯಿಡೀ ಬಿಡುವುದೆಂದರೆ ಬ್ಯಾಕ್ಟೀರಿಯಾಕ್ಕೆ ಊಟ ಬಡಿಸಿದ ಹಾಗೆ. ಹೊರಗೆ 2 ಗಂಟೆಯೇ ಮಿತಿ. ಅಲ್ಯೂಮಿನಿಯಂ ಪಾತ್ರೆ ಹುಳಿಗೆ ಆಗದು, ಸ್ಟೀಲ್ ಅಥವಾ ಗಾಜು ಇರಲಿ. ಹಸಿ ಮಾಂಸ ನೆನೆಸಿದ ಮಸಾಲೆಯನ್ನೇ ಸುಟ್ಟ ಮಾಂಸದ ಮೇಲೆ ಸವರುವುದಾದರೆ ಮೊದಲು ಚೆನ್ನಾಗಿ ಕುದಿಸಿ.

ಜೋರು ಬೆಂಕಿಯಲ್ಲಿ ಹೊರಮೈ ಸುಟ್ಟರೆ ರಸ ಒಳಗೇ ಬಂದಿಯಾಗುತ್ತದೆ ಎಂಬುದು 19ನೇ ಶತಮಾನದಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ ಹಬ್ಬಿಸಿದ ನಂಬಿಕೆ. ಸುಟ್ಟ ಮೇಲೂ ಚುಂಯ್‌ಗುಡುವ ಸದ್ದು ನಿಲ್ಲುವುದಿಲ್ಲವಲ್ಲ, ಅದು ರಸ ಹೊರಬರುತ್ತಿರುವ ಸದ್ದೇ! ಕಂದು ಬಣ್ಣದಿಂದ ಸಿಗುವುದು ರುಚಿ, ಪರಿಮಳ. ಕಂದು ದಾಟಿ ಕಪ್ಪಾಗಲು ಬಿಡಬೇಡಿ. ಅತಿ ಶಾಖದಲ್ಲಿ ಮಾಂಸದಲ್ಲೂ, ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿ ಏಳುವ ಹೊಗೆಯಲ್ಲೂ ಕ್ಯಾನ್ಸರಿಗೆ ಕಾರಣವಾಗಬಲ್ಲ ರಾಸಾಯನಿಕಗಳು ಹುಟ್ಟುತ್ತವೆ. ಹುಳಿ, ಅರಿಶಿನ, ಬೆಳ್ಳುಳ್ಳಿಯಂಥವು ಹಚ್ಚಿದ ಮಾಂಸದಲ್ಲಿ ಇವುಗಳಲ್ಲಿ ಕೆಲವು ಕಡಿಮೆ ಕಂಡುಬಂದಿವೆ. ಅಂದರೆ ಮಸಾಲೆ ಹಚ್ಚುವುದು ವ್ಯರ್ಥವೇನಲ್ಲ. ಬೆಲ್ಲ ಹಾಕಿದ್ದರೆ ಮಾತ್ರ ಬೇಗ ಕರಿಯುತ್ತದೆ. ಕೆಂಡವನ್ನು ಒಂದು ಬದಿಗೆ ಸರಿಸಿ, ಮಾಂಸ ಇನ್ನೊಂದು ಬದಿಯಲ್ಲಿ ನಿಧಾನಕ್ಕೆ ಬೇಯಲಿ, ಕೊನೆಗೆ ಮಾತ್ರ ಕೆಂಡದ ಮೇಲೆ ತನ್ನಿ.

ಮಳೆ ಬಂತೆಂದು ಕೆಂಡದ ಒಲೆಯನ್ನು ಎತ್ತಿ ಒಳಗೆ ಅಥವಾ ಮುಚ್ಚಿದ ಶೆಡ್ಡಿಗೆ ಇಡುವವರಿದ್ದಾರೆ. ಇದು ಎಲ್ಲಕ್ಕಿಂತ ಅಪಾಯ. ಹೊಗೆ ಕಾಣದಿದ್ದರೂ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳದೇ ಹೋಗಬಹುದು. ಮಳೆಯಾದರೆ ಆ ದಿನದ ಕೋಳಿಯನ್ನು ಗ್ಯಾಸಿನ ಮೇಲೆ ಕಾವಲಿಯಲ್ಲೇ ಬೇಯಿಸಿ.